‘ಶ್ರೀ ರವಿ’ ಬರೀ ‘ವಿ’ ಆಗಿದ್ದು ಹೇಗೆ? ಸ್ಟ್ರಿಂಗ್‌ನ ತುದಿ ಕತ್ತರಿಸುವ ಚಿಕ್ಕ ಫಂಕ್ಷನ್‌ಗಳು

ಒಂದು ಸಂಘದ ಸದಸ್ಯರ ಪಟ್ಟಿ ನಿಮ್ಮ ಕೈಗೆ ಬಂದಿದೆ ಅಂದುಕೊಳ್ಳಿ. ಕೆಲವರು ಹೆಸರಿನ ಮುಂದೆ ‘ಶ್ರೀ’ ಹಾಕಿದ್ದಾರೆ, ಕೆಲವರು ಹಾಕಿಲ್ಲ. ಅಕಾರಾದಿಯಾಗಿ ಜೋಡಿಸಲು ಹೋದರೆ ಅರ್ಧ ಸಂಘ ‘ಶ’ ಅಕ್ಷರದ ಕೆಳಗೆ ಬಂದು ಕೂರುತ್ತದೆ. ಸರಿ, ಆ ‘ಶ್ರೀ’ ತೆಗೆದುಬಿಡೋಣ ಅಂತ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸಾಲು ಬರೆಯುತ್ತೀರಿ. ಸ್ಟ್ರಿಂಗನ್ನು, ಅಂದರೆ ಕ್ಯಾರೆಕ್ಟರ್‌ಗಳ ಸಾಲನ್ನು, ಎಡಗಡೆಯಿಂದ ಕತ್ತರಿಸುವ ಎಲ್‌ಸ್ಟ್ರಿಪ್ ಎಂಬ ಫಂಕ್ಷನ್ ಅಲ್ಲೇ ಇದೆ. ಅದಕ್ಕೆ ‘ಶ್ರೀ’ ಮತ್ತು ಒಂದು ಸ್ಪೇಸ್ ಕೊಡುತ್ತೀರಿ.

‘ಶ್ರೀ ಗಣೇಶ’ ಹಾಕಿದರೆ ‘ಗಣೇಶ’ ಬರುತ್ತದೆ. ‘ಶ್ರೀ ಮಂಜುನಾಥ’ ಹಾಕಿದರೆ ‘ಮಂಜುನಾಥ’. ಸರಿಯಾಗೇ ಇದೆ ಅಲ್ವಾ? ಇಡೀ ಪಟ್ಟಿ ಓಡಿಸುತ್ತೀರಿ. ತೆರೆದು ನೋಡಿದರೆ ‘ಶ್ರೀ ರವಿ’ ಇದ್ದ ಕಡೆ ಬರೀ ‘ವಿ’ ಇದೆ. ‘ಶ್ರೀ’ ಹಾಕಿಕೊಳ್ಳದ ರಮೇಶ ಕೂಡ ‘ಮೇಶ’ ಆಗಿದ್ದಾನೆ. ಶರಣಪ್ಪನವರು ‘ಣಪ್ಪ’ ಆಗಿದ್ದಾರೆ.

ಎಲ್‌ಸ್ಟ್ರಿಪ್ ಕೆಟ್ಟಿಲ್ಲ. ಅದು ತನ್ನ ಕೆಲಸವನ್ನೇ ಮಾಡಿದೆ. ನಾವು ಅದಕ್ಕೆ ಕೊಟ್ಟದ್ದು ಒಂದು ಪದ ಅಂತ ನಾವು ಅಂದುಕೊಂಡೆವು. ಅದು ಓದಿಕೊಂಡಿದ್ದು ಕ್ಯಾರೆಕ್ಟರ್‌ಗಳ ಒಂದು ಗುಂಪು. ‘ಶ್ರೀ’ ಕಂಪ್ಯೂಟರ್ ಒಳಗೆ ನಾಲ್ಕು ತುಂಡು: ಶ, ಹಲಂತದ ಗುರುತು, ರ, ಮತ್ತು ದೀರ್ಘ ‘ಈ’ಯ ಗುರುತು. ಜೊತೆಗೆ ಸ್ಪೇಸ್. ಈ ಐದರಲ್ಲಿ ಯಾವುದು ಎಡತುದಿಯಲ್ಲಿ ಕಂಡರೂ ತೆಗೆ, ಗುಂಪಿನಲ್ಲಿ ಇಲ್ಲದ್ದು ಸಿಗುವವರೆಗೂ ತೆಗೆಯುತ್ತಲೇ ಇರು. ಎಲ್‌ಸ್ಟ್ರಿಪ್‌ಗೆ ಗೊತ್ತಿರುವುದು ಇಷ್ಟೇ. ‘ಶ್ರೀ ರವಿ’ಯಲ್ಲಿ ಶ್ರೀ ಹೋಯಿತು, ಸ್ಪೇಸ್ ಹೋಯಿತು, ಮುಂದೆ ಇದ್ದ ‘ರ’ ಕೂಡ ಗುಂಪಿನಲ್ಲಿದೆ, ಅದೂ ಹೋಯಿತು. ‘ವ’ ಗುಂಪಿನಲ್ಲಿಲ್ಲ, ಅಲ್ಲಿ ನಿಂತಿತು. ಗಣೇಶ ಮತ್ತು ಮಂಜುನಾಥ ಉಳಿದದ್ದು ಅವರ ಹೆಸರು ‘ಗ’ ಮತ್ತು ‘ಮ’ದಿಂದ ಶುರುವಾಗುತ್ತದೆ ಎಂಬ ಒಂದೇ ಕಾರಣಕ್ಕೆ.

ಈ ಎಡವಟ್ಟು ಎಷ್ಟು ಜನರಿಗೆ ಆಗಿದೆ ಅಂದರೆ, ಪೈಥಾನ್‌ಗೆ ಇದಕ್ಕಾಗಿಯೇ ಎರಡು ಹೊಸ ಮೆಥಡ್ ಸೇರಿಸಬೇಕಾಯಿತು. 2020ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.9ರಲ್ಲಿ ರಿಮೂವ್‌ಪ್ರಿಫಿಕ್ಸ್ ಮತ್ತು ರಿಮೂವ್‌ಸಫಿಕ್ಸ್ ಬಂದವು. ಗೋ ಭಾಷೆಯಲ್ಲೂ ಟ್ರಿಮ್‌ಲೆಫ್ಟ್ ಬೇರೆ, ಟ್ರಿಮ್‌ಪ್ರಿಫಿಕ್ಸ್ ಬೇರೆ. ಮೊದಲನೆಯದು ಗುಂಪು, ಎರಡನೆಯದು ಪದ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಅಲ್ಲೂ ಜನ ಎಡವುತ್ತಾರೆ.

ಹಾಗಾಗಿ ತುದಿ ಕತ್ತರಿಸುವ ಯಾವ ಫಂಕ್ಷನ್ ಬರೆಯುವ ಮೊದಲೂ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ತೆಗೆಯಬೇಕಾದದ್ದು ಗುಂಪೋ, ಪದವೋ? ಉತ್ತರ ಫಂಕ್ಷನ್‌ನ ಹೆಸರಿನಲ್ಲೇ ಕಾಣಬೇಕು. ಬರೀ ‘ಕ್ಲೀನ್’ ಅಂತಲೋ ‘ಟ್ರಿಮ್’ ಅಂತಲೋ ಹೆಸರಿಟ್ಟರೆ, ಆರು ತಿಂಗಳ ನಂತರ ಅದನ್ನು ಬಳಸುವವರು ತಮಗೆ ಬೇಕಾದ ಅರ್ಥವನ್ನು ಅದರಲ್ಲಿ ಓದಿಕೊಳ್ಳುತ್ತಾರೆ.

ಗುಂಪು ಕತ್ತರಿಸುವ ಫಂಕ್ಷನ್

ಮೊದಲು ಗುಂಪಿನದ್ದನ್ನೇ ಕೈಯಾರೆ ಬರೆಯೋಣ. ಸಿದ್ಧವಾಗಿ ಸಿಗುವುದನ್ನು ಯಾಕೆ ಬರೆಯಬೇಕು ಅನ್ನಿಸಬಹುದು. ಎಲ್ಲ ಕಡೆ ಸಿಗುವುದಿಲ್ಲ. ಸಿ ಭಾಷೆಯ ಸ್ಟ್ಯಾಂಡರ್ಡ್ ಲೈಬ್ರರಿಯಲ್ಲಿ ಟ್ರಿಮ್ ಇಲ್ಲವೇ ಇಲ್ಲ. ಜಾವಾಸ್ಕ್ರಿಪ್ಟ್‌ನ ಟ್ರಿಮ್ ಖಾಲಿ ಜಾಗವನ್ನು ಮಾತ್ರ ತೆಗೆಯುತ್ತದೆ, ನಮಗೆ ಬೇಕಾದ ಕ್ಯಾರೆಕ್ಟರ್‌ಗಳನ್ನು ಅದಕ್ಕೆ ಹೇಳಲು ದಾರಿಯಿಲ್ಲ.

ಬೀನ್ಸ್ ಬಿಡಿಸುವುದನ್ನು ನೆನೆಸಿಕೊಳ್ಳಿ. ಎರಡು ತುದಿ ಮುರಿಯುತ್ತೇವೆ, ನಡುವಿನದನ್ನು ಮುಟ್ಟುವುದಿಲ್ಲ. ಇಲ್ಲಿ ಎರಡು ಬೆರಳಿನ ಹಾಗೆ ಎರಡು ಗುರುತು ಇಟ್ಟುಕೊಳ್ಳುತ್ತೇವೆ. ಕೋಡನ್ನು ಕನ್ನಡದಲ್ಲೇ ಬರೆದಿದ್ದೇನೆ, ನಿಮ್ಮ ಭಾಷೆಗೆ ಸಾಲು ಸಾಲಾಗಿ ಇಳಿಸಿಕೊಳ್ಳಬಹುದು.

ತುದಿಯ_ಗುಂಪು_ತೆಗೆ (ಪಠ್ಯ, ಗುಂಪು):
    ಮೊದಲು = 0
    ಕೊನೆ = ಪಠ್ಯದ ಉದ್ದ
    ಮೊದಲು < ಕೊನೆ ಮತ್ತು ಪಠ್ಯ[ಮೊದಲು] ಗುಂಪಿನಲ್ಲಿ ಇರುವವರೆಗೆ:
        ಮೊದಲು = ಮೊದಲು + 1
    ಮೊದಲು < ಕೊನೆ ಮತ್ತು ಪಠ್ಯ[ಕೊನೆ − 1] ಗುಂಪಿನಲ್ಲಿ ಇರುವವರೆಗೆ:
        ಕೊನೆ = ಕೊನೆ − 1
    ‘ಮೊದಲು’ ಜಾಗದಿಂದ ‘ಕೊನೆ’ ಜಾಗದ ಹಿಂದಿನವರೆಗಿನ ತುಂಡು ಕೊಡು

ಇದರಲ್ಲಿ ಮೂರು ವಿಷಯ ಬೇಕೆಂದೇ ಹೀಗೆ ಇವೆ.

‘ಕೊನೆ’ ಎಂಬ ಗುರುತು ಕೊನೆಯ ಕ್ಯಾರೆಕ್ಟರ್ ಮೇಲೆ ನಿಂತಿಲ್ಲ, ಅದರ ಒಂದು ಹೆಜ್ಜೆ ಆಚೆ ನಿಂತಿದೆ. ಕೊನೆಯ ಕ್ಯಾರೆಕ್ಟರ್ ಮೇಲೆಯೇ ನಿಲ್ಲಿಸೋಣ ಅಂತ ‘ಉದ್ದ − 1’ರಿಂದ ಶುರುಮಾಡಿದರೆ, ಖಾಲಿ ಸ್ಟ್ರಿಂಗ್ ಬಂದಾಗ ಅದು 0 − 1 ಆಗುತ್ತದೆ. ಸಿ ಭಾಷೆಯಲ್ಲಿ ಉದ್ದ ಅಂದರೆ ಋಣ ಸಂಖ್ಯೆಯೇ ಇಲ್ಲದ ಲೆಕ್ಕ. ಅಲ್ಲಿ ಸೊನ್ನೆಯಿಂದ ಒಂದು ಕಳೆದರೆ −1 ಬರುವುದಿಲ್ಲ, ಸುತ್ತಿಕೊಂಡು ಬಹಳ ದೊಡ್ಡ ಸಂಖ್ಯೆ ಬರುತ್ತದೆ. ಆ ಜಾಗದ ಮೆಮೊರಿ ಓದಲು ಹೋದ ಪ್ರೋಗ್ರಾಂ ಅಲ್ಲೇ ಬೀಳಬಹುದು. ಇನ್ನೂ ಕೆಟ್ಟದ್ದು ಅಂದರೆ, ಬೀಳದೆ ಕಸ ಓದಿಕೊಂಡು ಮುಂದೆ ಹೋಗಬಹುದು.

ಎರಡನೆಯದು, ‘ಮೊದಲು < ಕೊನೆ’ ಎಂಬ ಪರೀಕ್ಷೆ ಮುಂಚೆ ಬರಬೇಕು, ಕ್ಯಾರೆಕ್ಟರ್ ಓದುವುದು ಆಮೇಲೆ. ಬರೀ ಸ್ಪೇಸ್‌ಗಳೇ ತುಂಬಿದ ಸ್ಟ್ರಿಂಗ್ ಬಂದರೆ ಮೊದಲನೆಯ ಲೂಪ್ ಕೊನೆ ಮುಟ್ಟಿ ನಿಲ್ಲಬೇಕು. ಆ ಕ್ರಮ ತಿರುವುಮುರುವಾದರೆ ಅದು ಗೋಡೆ ದಾಟಿ ಇಣುಕುತ್ತದೆ.

ಮೂರನೆಯದು, ಸ್ಟ್ರಿಂಗ್ ಕತ್ತರಿಸುವುದು ಕಡೆಯಲ್ಲಿ, ಒಂದೇ ಸಲ. ಲೂಪ್ ಒಳಗೆ ಒಂದೊಂದೇ ಕ್ಯಾರೆಕ್ಟರ್ ಕಿತ್ತು ಹೊಸ ಸ್ಟ್ರಿಂಗ್ ಮಾಡುತ್ತಾ ಹೋಗುವ ಕೋಡ್ ಬಹಳ ನೋಡಿದ್ದೇನೆ. ನೋಡಲು ಸರಳವಾಗಿರುತ್ತದೆ. ಆದರೆ ಪ್ರತಿ ಸಲವೂ ಉಳಿದದ್ದೆಲ್ಲ ಹೊಸದಾಗಿ ನಕಲಾಗುತ್ತದೆ. 10,000 ಸ್ಪೇಸ್ ಇರುವ ಸ್ಟ್ರಿಂಗ್ ಆದರೆ ಸುಮಾರು 5 ಕೋಟಿ ಕ್ಯಾರೆಕ್ಟರ್ ನಕಲು ಮಾಡಿದ ಹಾಗೆ. ಮೇಲಿನ ಫಂಕ್ಷನ್ ಅದೇ ಕೆಲಸವನ್ನು ಹತ್ತು ಸಾವಿರ ಹೆಜ್ಜೆಯಲ್ಲಿ ಮುಗಿಸುತ್ತದೆ.

ಯಾರಪ್ಪಾ 10,000 ಸ್ಪೇಸ್ ಹಾಕುತ್ತಾರೆ ಅಂತ ಅನ್ನಿಸಿದರೆ, ಇದನ್ನು ಕೇಳಿ. 2016ರ ಜುಲೈ 20ರಂದು, ಪ್ರೋಗ್ರಾಮರ್‌ಗಳೆಲ್ಲ ದಿನಾ ಎಡತಾಕುತ್ತಿದ್ದ ಸ್ಟಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರ ತಾಣ 34 ನಿಮಿಷ ನಿಂತುಹೋಯಿತು. ಕಾರಣ ತುದಿಯ ಖಾಲಿ ಜಾಗ ಕತ್ತರಿಸುವ ಒಂದೇ ಒಂದು ರೆಜೆಕ್ಸ್, ಅಂದರೆ ಪಠ್ಯದಲ್ಲಿ ಒಂದು ನಮೂನೆಯನ್ನು ಹುಡುಕುವ ಸೂತ್ರ. ಯಾರೋ ಹಾಕಿದ ಪೋಸ್ಟ್‌ನ ಒಂದು ಸಾಲಿನಲ್ಲಿ ಸುಮಾರು 20,000 ಖಾಲಿ ಜಾಗ ಒಟ್ಟಿಗೆ ಇದ್ದವು, ಆದರೆ ಅವು ಪಠ್ಯದ ತುದಿಯಲ್ಲಿ ಇರಲಿಲ್ಲ. ರೆಜೆಕ್ಸ್ ಎಂಜಿನ್ ಮೊದಲನೆಯ ಸ್ಪೇಸ್‌ನಿಂದ ಶುರುಮಾಡಿ 20,000 ದಾಟಿತು, ಅಲ್ಲಿ ತುದಿ ಸಿಗಲಿಲ್ಲ. ವಾಪಸ್ ಬಂದು ಎರಡನೆಯ ಸ್ಪೇಸ್‌ನಿಂದ ಶುರುಮಾಡಿ 19,999 ದಾಟಿತು, ಸಿಗಲಿಲ್ಲ. ಹಾಗೇ ಮೂರನೆಯದು, ನಾಲ್ಕನೆಯದು. ಒಟ್ಟು ಸುಮಾರು 20 ಕೋಟಿ ಹೆಜ್ಜೆ. ಆ ಪೋಸ್ಟ್ ಮುಖಪುಟದ ಪಟ್ಟಿಯಲ್ಲಿ ಇದ್ದದ್ದರಿಂದ ಪ್ರತಿ ಸಲ ಮುಖಪುಟ ತೆರೆದಾಗಲೂ ಇದೇ ಲೆಕ್ಕ. ಬರುವ ಕೋರಿಕೆಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್, ಸರ್ವರ್ ಆರೋಗ್ಯವಾಗಿದೆಯೇ ಅಂತ ನೋಡುತ್ತಿದ್ದದ್ದೂ ಅದೇ ಮುಖಪುಟವನ್ನು. ಅದು ತೆರೆಯದೇ ಹೋದಾಗ ಇಡೀ ತಾಣವೇ ಸಿಗದಂತಾಯಿತು.

ಕಾರಣ ಹುಡುಕಲು 10 ನಿಮಿಷ, ಸರಿಪಡಿಸುವ ಕೋಡ್ ಬರೆಯಲು 14, ಅದನ್ನು ಸರ್ವರ್‌ಗಳಿಗೆ ಹಾಕಲು 10. ಅವರು ರೆಜೆಕ್ಸ್ ಜಾಗದಲ್ಲಿ ಹಾಕಿದ್ದು ತುಂಡು ಕತ್ತರಿಸಿ ಕೊಡುವ ಮಾಮೂಲಿ ಫಂಕ್ಷನ್. ಆ ರೆಜೆಕ್ಸ್‌ನಲ್ಲಿ ಸ್ಪೇಸ್‌ಗಳ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಕ್ಯಾರೆಕ್ಟರ್ ಹೆಸರಿಸಲಾಗಿತ್ತು. ಅದು ಕನ್ನಡ ಟೈಪ್ ಮಾಡುವವರು ದಿನವೂ ಬಳಸುವ ಕ್ಯಾರೆಕ್ಟರ್. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ರೆಜೆಕ್ಸ್ ಬೇಡ ಅನ್ನುವವನಲ್ಲ. ಆದರೆ ಬಲತುದಿ ಕತ್ತರಿಸುವ ಕೆಲಸಕ್ಕೆ ಹಿಂದಿನಿಂದ ಓಡುವ ಚಿಕ್ಕ ಲೂಪ್‌ನಷ್ಟು ಸರಿಹೊಂದುವುದು ಇನ್ನೊಂದಿಲ್ಲ. ರೆಜೆಕ್ಸ್ ಎಡದಿಂದ ಹುಡುಕುತ್ತಾ ಬರುತ್ತದೆ. ನಮಗೆ ಬೇಕಾದದ್ದು ಬಲದಲ್ಲಿದೆ.

ಪದ ತೆಗೆಯುವ ಫಂಕ್ಷನ್

ಈಗ ‘ಶ್ರೀ’ಗೆ ಬರೋಣ. ಇಲ್ಲಿ ಲೂಪ್ ಬೇಡ.

ಮುಂದಿನ_ಪದ_ತೆಗೆ (ಪಠ್ಯ, ಪದ):
    ಪಠ್ಯ ಆ ಪದದಿಂದ ಶುರುವಾದರೆ:
        ಪದದ ಉದ್ದದಷ್ಟು ಬಿಟ್ಟು ಉಳಿದದ್ದು ಕೊಡು
    ಇಲ್ಲದಿದ್ದರೆ:
        ಪಠ್ಯವನ್ನು ಇದ್ದ ಹಾಗೇ ಕೊಡು

ಇದ್ದರೆ ತೆಗೆ, ಇಲ್ಲದಿದ್ದರೆ ಮುಟ್ಟಬೇಡ. ಇದೇ ರೀತಿ ಹಿಂದಿನ ಪದ ತೆಗೆಯುವುದನ್ನೂ ಬರೆಯಬಹುದು. ಅದರಲ್ಲಿ ಮಾತ್ರ ಒಂದು ಗುಂಡಿ ಇದೆ. ಪೈಥಾನ್‌ನಲ್ಲಿ ‘ಕೊನೆಯಿಂದ ಇಷ್ಟು ಬಿಟ್ಟು’ ಅನ್ನಲು ಋಣ ಸಂಖ್ಯೆ ಕೊಡುತ್ತೇವೆ. ತೆಗೆಯಬೇಕಾದ ಪದವೇ ಖಾಲಿಯಾಗಿದ್ದರೆ ಅದು −0, ಅಂದರೆ ಸುಮ್ನೆ 0. ‘ಸೊನ್ನೆಯವರೆಗಿನ ತುಂಡು ಕೊಡು’ ಅಂದಂತಾಗಿ ಇಡೀ ಪಠ್ಯ ಮಾಯ. ಖಾಲಿ ಪದ ಕೊಟ್ಟರೆ ಏನೂ ಬದಲಾಗಬಾರದು ಅಲ್ವಾ? ಹಾಗಾಗಿ ಮೊದಲು ಪದ ಖಾಲಿಯೇ ಅಂತ ನೋಡಬೇಕು. ಇಲ್ಲವೇ ಉದ್ದದಿಂದ ಉದ್ದ ಕಳೆದು ಜಾಗ ಲೆಕ್ಕ ಹಾಕಬೇಕು.

ಹಿಂದಿನ ಪದಕ್ಕೆ ನಮ್ಮ ಭಾಷೆಯಲ್ಲೇ ಒಳ್ಳೆಯ ಉದಾಹರಣೆ ಇದೆ. ಪದಗಳಿಂದ ‘ಗಳು’ ತೆಗೆಯಬೇಕು. ಗುಂಪಿನ ಫಂಕ್ಷನ್‌ಗೆ ‘ಗಳು’ ಕೊಟ್ಟರೆ ‘ಮರಗಳು’ ಚೆನ್ನಾಗಿ ‘ಮರ’ ಆಗುತ್ತದೆ, ಪರೀಕ್ಷೆ ಪಾಸು. ‘ಹಾಡುಗಳು’ ಮಾತ್ರ ‘ಹಾಡ’ ಆಗುತ್ತದೆ, ಏಕೆಂದರೆ ‘ಳು’ವಿನ ಕೊಂಬೂ ‘ಡು’ವಿನ ಕೊಂಬೂ ಒಂದೇ ಕ್ಯಾರೆಕ್ಟರ್. ‘ಬೀಗಗಳು’ ಬರೀ ‘ಬೀ’ ಆಗುತ್ತದೆ. ‘ಹಗ್ಗಗಳು’ ಕೊಟ್ಟರೆ ‘ಹಗ್’ ಅಂತ ಅರ್ಧಕ್ಕೆ ನಿಲ್ಲುತ್ತದೆ. ಪದದ ಫಂಕ್ಷನ್ ಬಳಸಿದರೆ ಮೂರೂ ಸರಿ.

ಹಾಗಾದರೆ ‘ಶ್ರೀ’ ಸಮಸ್ಯೆ ಮುಗಿಯಿತೇ? ಇಲ್ಲ. ‘ಶ್ರೀ’ ಎಂಬ ಪದ ತೆಗೆ ಅಂದರೆ ಶ್ರೀನಿವಾಸ ‘ನಿವಾಸ’ ಆಗುತ್ತಾನೆ, ಶ್ರೀಧರ ‘ಧರ’ ಆಗುತ್ತಾನೆ. ‘ಶ್ರೀಮತಿ’ ಅಂತ ಹಾಕಿಕೊಂಡವರು ‘ಮತಿ’ ಆಗುತ್ತಾರೆ. ಪದದ ಜೊತೆ ಸ್ಪೇಸ್ ಸೇರಿಸಿ ‘ಶ್ರೀ ’ ಅಂತ ಕೊಟ್ಟರೆ ಇವರು ಉಳಿಯುತ್ತಾರೆ. ಆದರೆ ‘ಶ್ರೀ.ರವಿ’ ಅಂತ ಚುಕ್ಕಿ ಹಾಕಿದವರು ತಪ್ಪಿಸಿಕೊಳ್ಳುತ್ತಾರೆ. ಹಾಗಾಗಿ ನಾನು ಇದಕ್ಕೊಂದು ಬೇರೆ ಫಂಕ್ಷನ್ನೇ ಬರೆಯುತ್ತೇನೆ: ‘ಗೌರವಪದ_ತೆಗೆ’. ಅದು ‘ಶ್ರೀ’ಯಿಂದ ಶುರುವಾಗಿದೆಯೇ ನೋಡುತ್ತದೆ. ಮುಂದಿನ ಕ್ಯಾರೆಕ್ಟರ್ ಸ್ಪೇಸ್ ಅಥವಾ ಚುಕ್ಕಿ ಆಗಿದ್ದರೆ ಮಾತ್ರ ತೆಗೆಯುತ್ತದೆ. ಆಮೇಲೆ ಉಳಿದದ್ದರ ಎಡತುದಿಯಿಂದ ಸ್ಪೇಸ್ ಮತ್ತು ಚುಕ್ಕಿಯ ಗುಂಪನ್ನು ಕತ್ತರಿಸುತ್ತದೆ. ಪದ ಒಂದು ಹೆಜ್ಜೆ, ಗುಂಪು ಇನ್ನೊಂದು ಹೆಜ್ಜೆ. ಚಿಕ್ಕ ಫಂಕ್ಷನ್‌ಗಳು ಬೇಕು ಅನ್ನುವುದು ಇಂಥ ಕಡೆಗೇ.

ಇನ್ನೊಂದು ತೀರ್ಮಾನ ಉಳಿದಿದೆ. ಮಠದ ಸ್ವಾಮೀಜಿಗಳ ಹೆಸರಿನ ಮುಂದೆ ‘ಶ್ರೀ ಶ್ರೀ ಶ್ರೀ’ ಅಂತ ಇರುತ್ತದೆ. ಒಂದು ಸಲ ತೆಗೆಯಬೇಕೋ, ಇರುವವರೆಗೂ ತೆಗೆಯಬೇಕೋ? ಗುಂಪಿನ ಫಂಕ್ಷನ್‌ಗೆ ಈ ಪ್ರಶ್ನೆಯೇ ಇಲ್ಲ, ಎರಡು ಸಲ ಓಡಿಸಿದರೂ ಅದೇ ಫಲ. ಪದದ ಫಂಕ್ಷನ್ ಹಾಗಲ್ಲ, ಪ್ರತಿ ಸಲ ಓಡಿಸಿದಾಗಲೂ ಒಂದೊಂದು ಶ್ರೀ ಕಡಿಮೆಯಾಗುತ್ತದೆ. ವಿಂಗಡಿಸಲು ಮಾತ್ರ ಬೇಕಿದ್ದರೆ ಎಲ್ಲವನ್ನೂ ತೆಗೆಯಿರಿ, ಆದರೆ ಅಚ್ಚು ಹಾಕುವ ಹೆಸರನ್ನು ಮುಟ್ಟದೆ ಬೇರೆ ಕಾಲಂನಲ್ಲಿ ಇಟ್ಟುಕೊಳ್ಳಿ.

ಮೊಬೈಲ್ ನಂಬರ್‌ಗೂ ಇದೇ ಕಥೆ. ‘+91’ ತೆಗೆಯಲು ಎಡತುದಿಯನ್ನಷ್ಟೇ ಕತ್ತರಿಸುವ ಗುಂಪಿನ ಫಂಕ್ಷನ್ ಬಳಸಿದರೆ +, 9, 1 ಮೂರೂ ಕಸ ಆಗಿಬಿಡುತ್ತವೆ. ನಮ್ಮಲ್ಲಿ ಮೊಬೈಲ್ ನಂಬರ್ 6, 7, 8 ಅಥವಾ 9ರಿಂದ ಶುರುವಾಗುತ್ತದೆ. 98ರಿಂದ ಶುರುವಾಗುವ ನಂಬರ್ ಒಂದು ಅಂಕಿ ಕಳೆದುಕೊಳ್ಳುತ್ತದೆ, 99ರದ್ದು ಕನಿಷ್ಠ ಎರಡು. 8ರವರಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಮೆಸೇಜ್ ಹೋಗಿ ಕೆಲವರಿಗೆ ಹೋಗದಿದ್ದರೆ ನೆಟ್‌ವರ್ಕ್ ಮೇಲೆ ಅನುಮಾನ ಪಡುತ್ತಾ ಕೂರುತ್ತೇವೆ.

ಖಾಲಿ ಅಂದರೆ ಯಾವುದು

ತುದಿಯ ಸ್ಪೇಸ್ ತೆಗೆಯುವುದರಲ್ಲಿ ಏನು ಕಷ್ಟ ಅಂತ ಕಾಣಬಹುದು. ಕಷ್ಟ ಇರುವುದು ‘ಸ್ಪೇಸ್’ ಎಂಬ ಮಾತಿನಲ್ಲೇ. ವೆಬ್ ಪುಟದಿಂದ ಕಾಪಿ ಮಾಡಿದ ಪಠ್ಯದಲ್ಲಿ ಸಾಲು ಮುರಿಯದ ಸ್ಪೇಸ್ ಬರುತ್ತದೆ. ನೋಡಲು ಮಾಮೂಲಿ ಸ್ಪೇಸ್‌ನಂತೆಯೇ ಇರುತ್ತದೆ. ಎಲ್ಲ ಲಿಪಿಗಳ ಕ್ಯಾರೆಕ್ಟರ್‌ಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 160, ಮಾಮೂಲಿಯದ್ದು 32. ಪೈಥಾನ್‌ನ ಸ್ಟ್ರಿಪ್ ಮತ್ತು ಜಾವಾಸ್ಕ್ರಿಪ್ಟ್‌ನ ಟ್ರಿಮ್ ಅದನ್ನು ತೆಗೆಯುತ್ತವೆ. ಜಾವಾದ ಟ್ರಿಮ್ 32 ಮತ್ತು ಅದಕ್ಕಿಂತ ಕೆಳಗಿನವನ್ನು ಮಾತ್ರ ತೆಗೆಯುತ್ತದೆ. 2018ರಲ್ಲಿ ಜಾವಾ 11ರ ಜೊತೆ ಬಂದ ಸ್ಟ್ರಿಪ್ ಯೂನಿಕೋಡ್‌ನ ಇನ್ನಷ್ಟು ಖಾಲಿ ಜಾಗಗಳನ್ನು ಗುರುತಿಸುತ್ತದೆ, ಆದರೆ 160ನ್ನು ಅದೂ ಬಿಡುತ್ತದೆ. ಎಕ್ಸೆಲ್‌ನ ಟ್ರಿಮ್ ಕೂಡ 160ನ್ನು ಮುಟ್ಟುವುದಿಲ್ಲ, ಮೇಲಾಗಿ ಪದಗಳ ನಡುವೆ ಜಾಸ್ತಿ ಇರುವ ಸ್ಪೇಸ್‌ಗಳನ್ನು ಒಂದಕ್ಕೆ ಇಳಿಸುತ್ತದೆ. ಹೆಸರು ಒಂದೇ, ಕೆಲಸ ನಾಲ್ಕು ಥರ.

ಎಕ್ಸೆಲ್‌ನ ಪಟ್ಟಿಯನ್ನು ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಠ್ಯ) ಫೈಲ್ ಆಗಿ ಯುಟಿಎಫ್-8ರಲ್ಲಿ (ಕ್ಯಾರೆಕ್ಟರ್‌ಗಳನ್ನು ಬೈಟ್‌ಗಳಾಗಿ ಉಳಿಸುವ ಒಂದು ರೀತಿ) ಉಳಿಸಿದಾಗ ಫೈಲ್‌ನ ತಲೆಯಲ್ಲಿ ಇನ್ನೊಂದು ಕಾಣದ ಗುರುತು ಕೂರುತ್ತದೆ, ಅದನ್ನು ಬಿಒಎಂ ಅನ್ನುತ್ತಾರೆ. ಜಾವಾಸ್ಕ್ರಿಪ್ಟ್‌ನ ಟ್ರಿಮ್ ಅದನ್ನು ತೆಗೆಯುತ್ತದೆ, ಪೈಥಾನ್‌ನ ಸ್ಟ್ರಿಪ್ ತೆಗೆಯುವುದಿಲ್ಲ. ಮೊದಲನೆಯ ಕಾಲಂ ಹೆಸರು ಮಾತ್ರ ಸಿಗುತ್ತಿಲ್ಲ ಅಂತ ತಲೆ ಕೆಡಿಸಿಕೊಂಡಿದ್ದರೆ ಮೊದಲು ಇದನ್ನು ನೋಡಿ.

ಈಗ ಸ್ಟಾಕ್ ಓವರ್‌ಫ್ಲೋದ ರೆಜೆಕ್ಸ್‌ನಲ್ಲಿ ಇದ್ದ ಆ ಕಾಣದ ಕ್ಯಾರೆಕ್ಟರ್. ‘ಸಾಫ್ಟ್‌ವೇರ್’ ಅಂತ ಟೈಪ್ ಮಾಡುವಾಗ ‘ಟ್’ ಮತ್ತು ‘ವೇ’ ಅಂಟಿಕೊಂಡು ಒತ್ತಕ್ಷರ ಆಗದ ಹಾಗೆ ನಡುವೆ ಒಂದು ಅಡ್ಡಗೋಡೆ ಹಾಕುತ್ತೇವೆ. ಅಗಲವೇ ಇಲ್ಲದ ಗೋಡೆ. ಅದರ ಪೂರ್ತಿ ಹೆಸರು ಜೀರೋ ವಿಡ್ತ್ ನಾನ್ ಜಾಯಿನರ್. ಅದು ಹೋದರೆ ‘ಸಾಫ್ಟ್ವೇರ್’ ಆಗಿಬಿಡುತ್ತದೆ. ಯೂನಿಕೋಡ್ ಲೆಕ್ಕದಲ್ಲಿ ಅದು ಖಾಲಿ ಜಾಗವಲ್ಲ, ಆದ್ದರಿಂದ ಪೈಥಾನ್ ಆಗಲಿ ಜಾವಾಸ್ಕ್ರಿಪ್ಟ್ ಆಗಲಿ ತಾವಾಗಿ ಅದನ್ನು ಕತ್ತರಿಸುವುದಿಲ್ಲ. ಅದೇ ಸರಿ. ಆದರೆ ಹಲವರ ಟೈಪಿಂಗ್‌ನಲ್ಲಿ ಅರ್ಧಾಕ್ಷರದಿಂದ ಮುಗಿಯುವ ಪದದ ಕೊನೆಗೂ ಅದು ಬಂದಿರುತ್ತದೆ. ‘ಬಸ್’ ಮತ್ತು ಕಾಣದ ಗೋಡೆ ಸೇರಿದ ‘ಬಸ್‌’ ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ.

ಹಾಗಾಗಿ ಹೋಲಿಸಲು ಮತ್ತು ಹುಡುಕಲು ಬಳಸುವ ಫಂಕ್ಷನ್‌ನಲ್ಲಿ ನಾನು ಬಲತುದಿಯ ಗುಂಪಿಗೆ ಈ ಗೋಡೆಯನ್ನೂ ಸೇರಿಸುತ್ತೇನೆ. ತುದಿಯಲ್ಲಿ ಮಾತ್ರ. ಪಠ್ಯದಲ್ಲಿ ಎಲ್ಲಿದ್ದರೂ ತೆಗೆದುಹಾಕು ಅನ್ನುವ ಕೋಡ್ ಕನ್ನಡವನ್ನು ಕೆಡಿಸುತ್ತದೆ. ಮತ್ತು ತುದಿಯದ್ದನ್ನು ತೆಗೆದ ಮೇಲೆ ಅದಕ್ಕೆ ‘ಗೆ’ ಅಂಟಿಸಲು ಹೋದರೆ ‘ಬಸ್ಗೆ’ ಆಗುತ್ತದೆ, ‘ಬಸ್‌ಗೆ’ ಆಗುವುದಿಲ್ಲ. ಅಂಟಿಸುವ ಕೋಡ್ ಗೋಡೆಯನ್ನು ಮತ್ತೆ ಹಾಕಬೇಕು.

ಬೈಟ್ ಕತ್ತರಿಸಿದಾಗ

ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಕ್ಯಾರೆಕ್ಟರ್ 3 ಬೈಟ್. ‘ಕರ್ನಾಟಕ’ ಕ್ಯಾರೆಕ್ಟರ್ ಲೆಕ್ಕದಲ್ಲಿ 7, ಬೈಟ್ ಲೆಕ್ಕದಲ್ಲಿ 21, ನಾವು ಬಾಯಲ್ಲಿ ಎಣಿಸುವ ಅಕ್ಷರ 4. ಈ ಮೂರು ಲೆಕ್ಕ ಬೆರೆತುಹೋದ ಕಡೆ ಪಠ್ಯ ಒಡೆಯುತ್ತದೆ.

ಪಿಎಚ್‌ಪಿ ಭಾಷೆಯ ಟ್ರಿಮ್ ಬೈಟ್ ಲೆಕ್ಕದ್ದು. ಹಳೆಯ ಪದ್ಯಗಳ ಸಾಲಿನ ಕೊನೆಗೆ ದಂಡ ಇರುತ್ತದಲ್ಲ, ಆ ‘।’ ಗುರುತನ್ನು ಬಲತುದಿಯಿಂದ ತೆಗೆಯಬೇಕು ಅಂದುಕೊಳ್ಳಿ. ದಂಡದ ಬೈಟ್‌ಗಳು 224, 165, 164. ಪಿಎಚ್‌ಪಿ ಈ ಮೂರನ್ನೂ ಬಿಡಿಬಿಡಿಯಾಗಿ ಕಸದ ಗುಂಪು ಅಂದುಕೊಳ್ಳುತ್ತದೆ. ಈಗ ‘ಭಾರತ।’ ಕೊಡಿ. ದಂಡ ಹೋಗುತ್ತದೆ. ಮುಂದೆ ‘ತ’. ಅದರ ಬೈಟ್‌ಗಳು 224, 178, 164. ಕೊನೆಯ 164 ಗುಂಪಿನಲ್ಲಿದೆ, ಅದೂ ಹೋಗುತ್ತದೆ. 178 ಗುಂಪಿನಲ್ಲಿಲ್ಲ, ಅಲ್ಲಿ ನಿಲ್ಲುತ್ತದೆ. ಉಳಿದದ್ದು ‘ಭಾರ’ ಮತ್ತು ಯಾವ ಅಕ್ಷರವೂ ಅಲ್ಲದ ಎರಡು ಬೈಟ್. ‘ರಥ।’ ಕೊಟ್ಟರೂ ಅಷ್ಟೇ, ‘ಥ’ದ ಕೊನೆಯ ಬೈಟ್ 165. ಬೇರೆ ವ್ಯಂಜನಗಳಿಂದ ಮುಗಿಯುವ ಸಾಲುಗಳಿಗೆ ಏನೂ ಆಗುವುದಿಲ್ಲ. ಎಡತುದಿಯಲ್ಲಿ ದಂಡ ತೆಗೆಯಲು ಹೋದರೆ ಇನ್ನೂ ಕಷ್ಟ, ಏಕೆಂದರೆ ಕನ್ನಡದ ಪ್ರತಿ ಕ್ಯಾರೆಕ್ಟರ್‌ನ ಮೊದಲ ಬೈಟ್ 224. ಎಲ್ಲ ಸಾಲಿನ ತಲೆಯೂ ಹಾರುತ್ತದೆ.

ಹೀಗೆ ಒಡೆದ ಪಠ್ಯವನ್ನು ಜೇಸನ್‌ಗೆ (ಪ್ರೋಗ್ರಾಂಗಳ ನಡುವೆ ಮಾಹಿತಿ ಸಾಗಿಸುವ ರೂಪ) ಕೊಟ್ಟಾಗ ಅದು ತಿರಸ್ಕರಿಸುತ್ತದೆ, ಆಗ ತಪ್ಪು ಜೇಸನ್‌ನದ್ದು ಅನ್ನಿಸುತ್ತದೆ. 2024ರ ನವೆಂಬರ್‌ನಲ್ಲಿ ಬಂದ ಪಿಎಚ್‌ಪಿ 8.4ರಲ್ಲಿ ಕ್ಯಾರೆಕ್ಟರ್ ಲೆಕ್ಕದ ಎಂಬಿ ಟ್ರಿಮ್ ಇದೆ. ಅದಕ್ಕಿಂತ ಹಳೆಯದರಲ್ಲಿ ದಂಡವನ್ನು ಪದ ಅಂತಲೇ ತೆಗೆಯಿರಿ. ಮೂರು ಬೈಟ್ ಒಟ್ಟಿಗೆ ಹೊಂದಿದರೆ ಮಾತ್ರ ತೆಗೆದರೆ ಯಾವ ಅಕ್ಷರವೂ ಒಡೆಯುವುದಿಲ್ಲ.

ಸಿ ಭಾಷೆಯಲ್ಲಿ ಬರೆಯುವವರಿಗೆ ಒಂದು ಮಾತು. ಖಾಲಿ ಜಾಗವೇ ಅಂತ ಕೇಳುವ ಈಸ್‌ಸ್ಪೇಸ್ ಫಂಕ್ಷನ್‌ಗೆ ಬೈಟನ್ನು ನೇರವಾಗಿ ಕೊಡಬೇಡಿ. ಹಲವು ಕಂಪ್ಯೂಟರ್‌ಗಳಲ್ಲಿ 224 ಎಂಬ ಬೈಟ್ −32 ಅಂತ ಓದಲ್ಪಡುತ್ತದೆ, ಋಣ ಸಂಖ್ಯೆ ಕೊಟ್ಟರೆ ಏನಾಗಬೇಕು ಅಂತ ಭಾಷೆಯ ನಿಯಮದಲ್ಲಿಲ್ಲ. ಅನ್‌ಸೈನ್ಡ್ ಕ್ಯಾರ್‌ಗೆ ಬದಲಾಯಿಸಿ ಕೊಡಿ. ಇಂಗ್ಲಿಷ್ ಪಠ್ಯದಲ್ಲಿ ಈ ತಪ್ಪು ಎಂದೂ ಕಾಣುವುದಿಲ್ಲ. ಕನ್ನಡದಲ್ಲಿ ಮೊದಲ ಅಕ್ಷರದಲ್ಲೇ ಎದುರಾಗುತ್ತದೆ.

ಕಾಗುಣಿತದ ಲೆಕ್ಕ

ಶಾಲೆಯಲ್ಲಿ ರಾಗವಾಗಿ ಹೇಳುತ್ತಿದ್ದೆವು: ಕ ಗುಡಿಸು ಕಿ, ಕ ಗುಡಿಸಿನ ದೀರ್ಘ ಕೀ. ಯೂನಿಕೋಡ್‌ನಲ್ಲಿ ‘ಕೀ’ ಬರೆಯಲು ಎರಡು ದಾರಿಗಳಿವೆ. ಒಂದರಲ್ಲಿ ಕ ಮತ್ತು ಒಂದೇ ಗುರುತು. ಇನ್ನೊಂದರಲ್ಲಿ ಕ, ಗುಡಿಸು, ದೀರ್ಘ ಅಂತ ಬಿಡಿಬಿಡಿಯಾಗಿ, ನಾವು ಹಾಡುತ್ತಿದ್ದ ಹಾಗೆಯೇ. ಎರಡೂ ಒಂದೇ ಅಂತ ಯೂನಿಕೋಡ್ ಒಪ್ಪುತ್ತದೆ, ಆದರೆ ಸಾಮಾನ್ಯ ಹೋಲಿಕೆಯಲ್ಲಿ ಅವು ಬೇರೆ ಬೇರೆ ಸ್ಟ್ರಿಂಗ್. ಅಂದರೆ ನಮ್ಮ ‘ಶ್ರೀ’ ಒಂದು ಕಡೆ 4 ಕ್ಯಾರೆಕ್ಟರ್, ಇನ್ನೊಂದು ಕಡೆ 5. ನಾಲ್ಕರ ‘ಶ್ರೀ’ಯನ್ನು ಹುಡುಕುವ ಫಂಕ್ಷನ್ ಐದರ ‘ಶ್ರೀ’ಯನ್ನು ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳಲ್ಲಿ ಫೈಲ್ ಹೆಸರುಗಳು ಹೀಗೆ ಬಿಡಿಸಿದ ರೂಪದಲ್ಲೇ ಉಳಿಯುತ್ತಿದ್ದವು. ಹಾಗಾಗಿ ಹೋಲಿಸುವ ಮೊದಲು ಪಠ್ಯ ಮತ್ತು ಪದ ಎರಡನ್ನೂ ಎನ್‌ಎಫ್‌ಸಿ ಎಂಬ ಒಂದೇ ರೂಪಕ್ಕೆ ತಂದುಕೊಳ್ಳಬೇಕು. ಹೆಚ್ಚಿನ ಭಾಷೆಗಳಲ್ಲಿ ಇದು ಒಂದು ಸಾಲಿನ ಕೆಲಸ.

ಕಡೆಯ ತೊಡಕು ಕತ್ತರಿಸುವ ಜಾಗದ್ದು. ‘ಸ’ ಎಂಬ ಪದವನ್ನು ‘ಸ್ವಾಮಿ’ಯ ಮುಂದಿನಿಂದ ತೆಗೆದರೆ ಉಳಿದದ್ದು ಹಲಂತದಿಂದ ಶುರುವಾಗುತ್ತದೆ. ತೆರೆಯ ಮೇಲೆ ಚುಕ್ಕಿಗಳ ಖಾಲಿ ವೃತ್ತ ಕಾಣುತ್ತದೆ. ‘ಕರ್ನಾಟಕ’ವನ್ನು ಮೂರು ಕ್ಯಾರೆಕ್ಟರ್‌ಗೆ ಮೊಟಕು ಮಾಡಿದರೆ ‘ಕರ್’ ಬರುತ್ತದೆ, ಎರಡಕ್ಕೆ ಮಾಡಿದರೆ ‘ಕರ’. ಎರಡೂ ಆ ಪದದ ಅಕ್ಷರಗಳಲ್ಲ. ಇದಕ್ಕೆ ನಾನು ಇನ್ನೊಂದು ಪುಟ್ಟ ಫಂಕ್ಷನ್ ಇಟ್ಟುಕೊಂಡಿದ್ದೇನೆ.

ಇಲ್ಲಿ_ಕತ್ತರಿಸಬಹುದೇ (ಪಠ್ಯ, ಜಾಗ):
    ಜಾಗ ಪಠ್ಯದ ಮೊದಲಲ್ಲಿ ಅಥವಾ ಕೊನೆಯಲ್ಲಿ ಇದ್ದರೆ: ಹೌದು
    ಮುಂದಿನದು ಸ್ವರದ ಗುರುತು, ಹಲಂತ, ಸೊನ್ನೆ, ವಿಸರ್ಗ ಅಥವಾ ಕಾಣದ ಗೋಡೆಯಾದರೆ: ಇಲ್ಲ
    ಹಿಂದಿನದು ಹಲಂತ, ಮುಂದಿನದು ವ್ಯಂಜನವಾದರೆ: ಇಲ್ಲ
    ಉಳಿದೆಲ್ಲ: ಹೌದು

ಮೊಟಕು ಮಾಡುವಾಗ ‘ಇಲ್ಲ’ ಬಂದರೆ ಒಂದು ಹೆಜ್ಜೆ ಹಿಂದೆ ಬಂದು ಮತ್ತೆ ಕೇಳುವುದು. ‘ಕರ್ನಾಟಕ’ದಲ್ಲಿ ಮೂರನೆಯ ಜಾಗ ಬೇಡ, ಎರಡನೆಯದೂ ಬೇಡ, ಒಂದನೆಯದು ಆಗಬಹುದು. ಉಳಿಯುವುದು ‘ಕ’. ಕಡಿಮೆ ಉಳಿದರೂ ಒಡೆದ ಅಕ್ಷರಕ್ಕಿಂತ ವಾಸಿ. ಅಡ್ಡಗೋಡೆ ಇರುವ ಕಡೆಯೂ ಈ ನಿಯಮ ಸರಿಹೋಗುತ್ತದೆ. ‘ಸಾಫ್ಟ್‌ವೇರ್’ನಲ್ಲಿ ಹಲಂತದ ಮುಂದೆ ಇರುವುದು ವ್ಯಂಜನವಲ್ಲ, ಗೋಡೆ. ಗೋಡೆಯ ಆಚೆ ಕತ್ತರಿಸಬಹುದು. ಗ್ರಾಫೀಮ್, ಅಂದರೆ ಓದುವವರಿಗೆ ಒಂದೇ ಅಕ್ಷರ ಅನ್ನಿಸುವ ತುಂಡು, ಅದರ ಲೆಕ್ಕದ ಸಿದ್ಧ ಲೈಬ್ರರಿಗಳಿವೆ, ಆದರೆ ಕನ್ನಡದ ಒತ್ತಕ್ಷರವನ್ನು ಅವು ಒಂದೇ ತುಂಡಾಗಿ ಹಿಡಿಯುತ್ತವೆ ಅಂತ ನಂಬಿ ಕೂರಬೇಡಿ. ‘ರ್ನಾ’ ಕೊಟ್ಟು ನೋಡಿ, ಎಷ್ಟು ತುಂಡು ಬರುತ್ತದೆ ಅಂತ ಎಣಿಸಿ.

ಬರೆದಾದ ಮೇಲೆ ನಾನು ಓಡಿಸುವ ಪರೀಕ್ಷೆಗಳು ಇವು. ಖಾಲಿ ಸ್ಟ್ರಿಂಗ್ ಖಾಲಿಯಾಗೇ ಬರಬೇಕು. ಬರೀ ಸ್ಪೇಸ್ ಕೊಟ್ಟರೂ ಖಾಲಿ ಬರಬೇಕು. ಎಡಗಡೆಯ ಸೊನ್ನೆ ತೆಗೆಯುವ ಫಂಕ್ಷನ್‌ಗೆ ‘000’ ಕೊಟ್ಟರೆ ಒಂದು 0 ಉಳಿಯಬೇಕು. ಖಾಲಿ ಪದ ತೆಗೆ ಅಂದರೆ ಏನೂ ಬದಲಾಗಬಾರದು. ‘ಬೀಗಗಳು’ ‘ಬೀಗ’ ಆಗಬೇಕು. ‘ಭಾರತ।’ದಲ್ಲಿ ‘ತ’ ಉಳಿಯಬೇಕು. ಐದು ಕ್ಯಾರೆಕ್ಟರ್‌ನ ‘ಶ್ರೀ’ ಹಾಕಿಕೊಂಡ ರವಿಯೂ, ನಾಲ್ಕರದ್ದು ಹಾಕಿಕೊಂಡ ರವಿಯೂ, ಚುಕ್ಕಿ ಇಟ್ಟ ರವಿಯೂ ‘ರವಿ’ ಆಗಬೇಕು. ಶ್ರೀನಿವಾಸ ಶ್ರೀನಿವಾಸನಾಗಿಯೇ ಇರಬೇಕು.